ಉಜ್ಜಿದ ರಾಣಿ ರೂಪಾಯಿ

ಆಗೆಲ್ಲ ಶಿಡ್ಲಘಟ್ಟದ ನಮ್ಮ ಬೀದಿಗೆ ಬೆಳಗಾಗುತ್ತಿದ್ದುದೇ ಬೆಂದ ರೇಷ್ಮೆಗೂಡಿನ ನಾತದಿಂದ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಿದ್ದರು, ನಮಗೆ ಅದರ ನಡುವೆಯೇ ಹಸಿವಾಗುತ್ತಿತ್ತು. ಅಮ್ಮ ಫಿಲೇಚರ್ ಕಾರ್ಖಾನೆಯಲ್ಲಿ ಬಿಸಿನೀರಿಗೆ ಕೈಯಿಟ್ಟು ಗೂಡಿನಿಂದ ನೂಲು ತೆಗೆಯುತ್ತಿದ್ದಳು. ಸಂಜೆ ಅನ್ನ ಕಲಸಿಕೊಳ್ಳಲೂ ಆಗದಷ್ಟು ಅವಳ ಬೆರಳು ಉರಿಯುತ್ತಿದ್ದವು. ಒಂದು ಹೊಲಿಗೆ ಮೆಷಿನ್ ಕೊಂಡು ಮನೆಯಲ್ಲೇ ಕೂರಬೇಕು ಅನ್ನುವುದೊಂದೇ ಅವಳ ಆಸೆ.

ನಾನು ಐದನೇ ಕ್ಲಾಸಿನಲ್ಲಿದ್ದಾಗ, ಶ್ರಾವಣದಲ್ಲಿ, ಅದಕ್ಕೊಂದು ದಾರಿ ಕಂಡಿತು. ಅಪ್ಪನ ತಾಯಿ, ನಮ್ಮಜ್ಜಿಯ ಹತ್ತಿರ ವಿಕ್ಟೋರಿಯಾ ರಾಣಿಯ ಮುಖವಿದ್ದ ಒಂದು ಹಿಡಿ ಬೆಳ್ಳಿ ರೂಪಾಯಿಗಳಿದ್ದವು. ವರಮಹಾಲಕ್ಷ್ಮಿ ಹಬ್ಬಕ್ಕೆ ಮಾತ್ರ ಪೆಟ್ಟಿಗೆಯಿಂದ ಹೊರಬಂದು ಕಳಶದ ಮುಂದೆ ಕೂರುತ್ತಿದ್ದವು. ಚಿಂತಾಮಣಿಯಲ್ಲಿ ಹಳೇ ನಾಣ್ಯ ಕೊಳ್ಳುವ ಸಾಹೇಬರೊಬ್ಬರು ಬೆಳ್ಳಿಯ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು ಕೊಡುತ್ತಾರೆಂದು ಯಾರೋ ಹೇಳಿದರು. ಅದನ್ನು ಕೇಳಿ ಅಜ್ಜಿ ಪೆಟ್ಟಿಗೆಯ ಬೀಗದಕೈಯನ್ನು ಸೆರಗಿಗೆ ಕಟ್ಟಿಕೊಂಡು ಓಡಾಡಿದಳು. ಆಮೇಲೆ ಅವಳೇ, "ತಗೊಂಡೋಗಮ್ಮ, ನಿನ್ ಕೈ ನೋಡಕ್ಕಾಗಲ್ಲ ನಂಗೆ" ಅಂದಳು.

ಹೊರಡುವ ದಿನ ಎದ್ದು ನೋಡಿದರೆ ಅಜ್ಜಿ ಬಚ್ಚಲಲ್ಲಿ ಕೂತು, ಹುಣಸೆಹಣ್ಣಿಗೆ ಒಲೆಬೂದಿ ಬೆರೆಸಿ ರೂಪಾಯಿಗಳನ್ನು ಗಸಗಸ ಉಜ್ಜುತ್ತಿದ್ದಳು. ಪ್ರತಿ ಹಬ್ಬಕ್ಕೂ ಮಾಡುತ್ತಿದ್ದುದೇ, ಅವತ್ತು ಇನ್ನಷ್ಟು ಜೋರು.

"ಮನೆ ಲಕ್ಷ್ಮೀನ ಮಾಸಿದ ಮುಖದಲ್ಲಿ ಕಳಿಸ್ತಾರೇನೇ?" ಅಂದಳು. ಒಂದೊಂದಕ್ಕೂ ಕುಂಕುಮವಿಟ್ಟು, ಹೊಸ ರವಿಕೆ ಕಣದಲ್ಲಿ ಕಟ್ಟಿಕೊಟ್ಟಳು. ಮಗಳನ್ನು ಗಂಡನ ಮನೆಗೆ ಕಳಿಸುವವಳ ಹಾಗೆ ಬಾಗಿಲಲ್ಲೇ ನಿಂತಿದ್ದಳು.

ಅಮ್ಮನ ಜೊತೆ ನಾನೂ ಚಿಂತಾಮಣಿಗೆ ಹೋದೆ. ಸಾಹೇಬರು ಗಂಟು ಬಿಚ್ಚಿ ಭೂತಗನ್ನಡಿ ಹಿಡಿದವರು ಹಣೆ ಚಚ್ಚಿಕೊಂಡರು.

"ಅಯ್ಯೋ, ಉಜ್ಜಿಬಿಟ್ಟಿದೀರಲ್ಲಮ್ಮಾ! ಕಾಯಿನ್ ಕೂಡಿಡೋರು ಆ ಹಳೇ ಕಪ್ಪು ನೋಡೇ ದುಡ್ಡು ಕೊಡೋದು. ಇಲ್ಲಿ ರಾಣಿ ಕೂದಲಿನ ಗೆರೇನೇ ಸವೆದೋಗಿದೆ, ಇಸವಿ ಓದಕ್ಕಾಗಲ್ಲ. ಇನ್ನು ತೂಕದ ಬೆಲೆ ಅಷ್ಟೇ."

ತೂಕದ ಬೆಲೆಗೆ ಮೆಷಿನ್ ಬರುತ್ತಿರಲಿಲ್ಲ. ಅಮ್ಮ ಗಂಟು ಕಟ್ಟಿಕೊಂಡಳು. ಬಸ್‌ಸ್ಟ್ಯಾಂಡಿನಲ್ಲಿ ನನಗೆ ಬೇಯಿಸಿದ ಕಡಲೆಕಾಯಿ ಕೊಡಿಸಿ, "ಅಜ್ಜಿಗೆ ಹೇಳ್ಬೇಡ ಕಣೇ" ಅಂದಳು.

ಮನೆಯಲ್ಲಿ, "ಅಂಗಡಿ ಬಾಗಿಲು ಹಾಕಿತ್ತು ಅತ್ತೆ. ಇನ್ನು ಇವು ನಮ್ಮನೇಲೇ ಇರ್ಲಿ ಬಿಡಿ" ಎಂದಳು.

ಅಜ್ಜಿಯ ಮುಖ ಅರಳಿತು. "ನೋಡ್ದಾ? ಲಕ್ಷ್ಮಿಗೇ ಹೋಗಕ್ಕೆ ಮನಸ್ಸಿಲ್ಲ!" ಅಂದವಳೇ ಬೆಲ್ಲದ ಪಾಯಸ ಮಾಡಿದಳು. ಏಲಕ್ಕಿ ಘಮ ಬೀದಿಯ ನಾತವನ್ನೂ ಮುಚ್ಚಿತು. ನನಗೆ ಅಜ್ಜಿಯ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಅಮ್ಮ ಎರಡು ಸಲ ಬಡಿಸಿಕೊಂಡು ತಿಂದಳು, ಮರುದಿನ ಬೆಳಿಗ್ಗೆ ಫಿಲೇಚರಿಗೆ ಹೋದಳು. ಮೈಯಲ್ಲಿ ಶಕ್ತಿಯಿರುವವರೆಗೂ ಹೋದಳು.

ಈಗ ಅಜ್ಜಿಯೂ ಇಲ್ಲ, ಬೀದಿಯಲ್ಲಿ ಆ ನಾತವೂ ಇಲ್ಲ. ತಿಂಗಳಿಗೊಮ್ಮೆ ಅಮ್ಮನನ್ನು ರೇಷನ್ ಅಂಗಡಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿನ ಹೆಬ್ಬೆಟ್ಟು ಒತ್ತುವ ಮೆಷಿನ್ ಅವಳ ಗುರುತು ಹಿಡಿಯುವುದಿಲ್ಲ.

"ಚೆನ್ನಾಗಿ ಒರೆಸಿ ಇಡಮ್ಮ" ಅನ್ನುತ್ತಾನೆ ಅಂಗಡಿಯವನು. ಅವಳು ಸೆರಗಿಗೆ ಒರೆಸಿ ಮತ್ತೆ ಒತ್ತುತ್ತಾಳೆ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗುತ್ತಾರೆ. ನನಗೆ ಸಾಕುಸಾಕಾಗುತ್ತದೆ.

ರೂಪಾಯಿಗಳು ನನ್ನ ಬೀರುವಿನಲ್ಲಿವೆ. ನಾನು ಹಬ್ಬಕ್ಕೂ ಉಜ್ಜುವುದಿಲ್ಲ. ರಾಣಿಯ ಮುಖದ ಮೇಲೆ ಮೆಲ್ಲಗೆ ಮತ್ತೆ ಕಪ್ಪು ಕೂರುತ್ತಿದೆ. ಬಿಸಿನೀರಿನಲ್ಲಿ ಸವೆದ ಅಮ್ಮನ ಬೆರಳಿಗೆ ಮಾತ್ರ ಗೆರೆ ಮತ್ತೆ ಬರಲಿಲ್ಲ.