ಕೊನೆಗೆ ಮಿಂದವರು ನೀರು ತುಂಬಬೇಕು

ಠಣ್ ಎಂದರೆ ಹಂಡೆ ಬರಿದು. ಧಬ್ ಎಂದರೆ ಕಂಠದವರೆಗೆ ನೀರಿದೆ. ನಡುವಿನ ಸದ್ದುಗಳನ್ನು ನಾನು ಕಲಿಯಲೇ ಇಲ್ಲ. ಬೆಳಿಗ್ಗೆ ಯಲ್ಲಾಪುರದ ಹೆದ್ದಾರಿಯಲ್ಲಿ ಮರದ ಲಾರಿಗಳ ಗದ್ದಲ ಶುರುವಾಗುವ ಮೊದಲೇ ನಮ್ಮ ಬಚ್ಚಲಿನಿಂದ ಆ ಸದ್ದು ಬರುತ್ತಿತ್ತು. ನನ್ನ ಗಂಡನ ಅಕ್ಕ ಬೆರಳ ಗೆಣ್ಣಿನಿಂದ ತಾಮ್ರದ ಹಂಡೆಯನ್ನು ತಟ್ಟಿ, ಕಿವಿಗೊಟ್ಟು, ಆಮೇಲೆ ಒಲೆಗೆ ಕಟ್ಟಿಗೆ ನೂಕುತ್ತಿದ್ದಳು.

ಕನ್ನಡನಾಡು ಒಂದಾಗಿ ಒಂದೆರಡು ವರ್ಷವಾಗಿತ್ತು, ಆಗ ಮದುವೆಯಾಗಿ ಆ ಮನೆಗೆ ಬಂದೆ. ಗಂಡ ಹೈಸ್ಕೂಲ್ ಮಾಸ್ತರು. ಅತ್ತಿಗೆ ಚಿಕ್ಕ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವಳು. ಅಡಿಗೆಮನೆ ನನಗೆ ಬಂತು, ಬಚ್ಚಲ ಒಲೆ ಆಕೆಯ ಹತ್ತಿರ ಉಳಿಯಿತು. ಆ ಮನೆಯಲ್ಲಿ ಆಕೆಗೆಂದು ಉಳಿದದ್ದು ಆ ಬೆಂಕಿಯೊಂದೇ. ಅದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೇ ಅದರ ಮೇಲೆ ಕಣ್ಣು ಹಾಕಿದೆ.

ಯಾರು ಮೊದಲು ಮೀಯಬೇಕು, ಯಾರು ಆಮೇಲೆ ಎಂಬುದನ್ನು ಆಕೆಯೇ ನಿರ್ಧರಿಸುತ್ತಿದ್ದಳು. ನನ್ನ ಸರದಿ ಯಾವಾಗಲೂ ಕೊನೆಗೆ. ಅಷ್ಟರಲ್ಲಿ ನೀರು ಉಗುರು ಬೆಚ್ಚಗೂ ಇರುತ್ತಿರಲಿಲ್ಲ.

“ಹಾಸ್ಟೆಲ್ಲಿನಲ್ಲಿ ತಣ್ಣೀರು ಮಿಂದು ಬೆಳೆದ ಕೂಸು ಅಲ್ದನೆ, ನಿಂಗೆ ಇಷ್ಟು ಬೆಚ್ಚಗಿದ್ರೆ ಅಡ್ಡಿಲ್ಲೆ” ಎನ್ನುವಳು.

ಕೊನೆಗೆ ಮಿಂದವರು ಬಾವಿಯಿಂದ ಸೇದಿ ಹಂಡೆ ತುಂಬಿಡಬೇಕು. ಅದು ಆ ಮನೆಯ ರೂಢಿ. ಮರುದಿನ ಬೆಂಕಿ ಹಾಕುವವರು ಮುಚ್ಚಳ ತೆಗೆದು ನೋಡುವ ಪದ್ಧತಿಯೇ ಇರಲಿಲ್ಲ, ಹೆಚ್ಚೆಂದರೆ ಒಮ್ಮೆ ತಟ್ಟುವುದು, ಅಷ್ಟು ನಂಬಿಕೆ. ಅಂದರೆ ದಿನಾ ಹನ್ನೆರಡು ಕೊಡ ಹೊರುವವಳು ನಾನು. Daily punishment ಎಂದು ಮನಸ್ಸಿನಲ್ಲೇ ಇಂಗ್ಲಿಷಿನಲ್ಲಿ ಬೈದುಕೊಳ್ಳುತ್ತಿದ್ದೆ.

ಆ ಹಂಡೆ ಮಣ್ಣಿನ ಒಲೆಯಲ್ಲಿ ಅರ್ಧ ಹೂತಿತ್ತು. ಅರ್ಧ ಬಿಸಿ ಗೋಡೆಗೆ, ಉಳಿದದ್ದರಲ್ಲಿ ಅರ್ಧ ಹೊಗೆಯ ಜೊತೆ ಮಾಡಿನ ಹಂಚಿಗೆ. ಅತ್ತಿಗೆ ಅಂದುಕೊಂಡಂತೆ ಅಲ್ಲ, ನಾನು ಓದಿದ ಕಾನ್ವೆಂಟ್ ಹಾಸ್ಟೆಲ್ಲಿನಲ್ಲಿ ಒಂದು ತಾಮ್ರದ ಬಾಯ್ಲರ್ ಇತ್ತು, ನಡುವೆ ಕೊಳವೆ, ಸುತ್ತ ನೀರು. ಕೊಳವೆಯೊಳಗೆ ಎರಡು ಹಿಡಿ ಚಕ್ಕೆ ಉರಿಸಿದರೆ ಸಾಕು. ಎಫಿಶಿಯೆನ್ಸಿ ಎಂಬ ಪದವನ್ನು ಸೈನ್ಸ್ ಟೀಚರ್ ಅದನ್ನೇ ತೋರಿಸಿ ಕಲಿಸಿದ್ದರು. ಇಲ್ಲಿ ಒಂದು ವಾರ, ಹಂಡೆ ನುಂಗಿದ ಒಂದೊಂದು ಕಟ್ಟಿಗೆ ಕುಂಟೆಗೂ ಬಚ್ಚಲ ಗೋಡೆಯ ಮೇಲೆ ಇದ್ದಿಲಿನಿಂದ ಒಂದೊಂದು ಗೆರೆ ಎಳೆದೆ, ಗಂಡನಿಗೆ ತೋರಿಸಲೆಂದು. ಏಳನೆಯ ದಿನ ಗೋಡೆ ಸಾರಿಸಿಯಾಗಿತ್ತು.

“ಗೋಡೆ ಹೊಲಸಾಗಿತ್ತು” ಎಂದಳು ಅತ್ತಿಗೆ. ಆಮೇಲೆ ತಮ್ಮನ ಕಡೆ ತಿರುಗಿ, “ಯಲ್ಲಾಪುರದಲ್ಲಿ ಕೂತು ಕಟ್ಟಿಗೆ ಲೆಕ್ಕ ಹಾಕದು ಅಂದ್ರೆ ಅಂಕೋಲೆಯ ಉಪ್ಪಿನ ಗದ್ದೆಯಲ್ಲಿ ಕೂತು ಹರಳು ಎಣಿಸಿದಾಂಗೆ ಆತು. ಯಾವ ಪುಸ್ತಕದಲ್ಲಿ ಬರದ್ದು ಕೇಳು ನಿನ್ನ ಹೆಂಡ್ತಿಗೆ.”

ಗಂಡ ನಕ್ಕರು. ಆದರೆ ಆ ಮಳೆಗಾಲದ ಹಸಿ ಕಟ್ಟಿಗೆಯ ಹೊಗೆಗೆ ಅವರಿಗೆ ಹಿಡಿದ ಕೆಮ್ಮು ದೀಪಾವಳಿಯವರೆಗೂ ಬಿಡಲಿಲ್ಲ. ಗೆರೆಗಳು ಮಾಡದ ಕೆಲಸವನ್ನು ಕೆಮ್ಮು ಮಾಡಿತು. ಒಂದು ಭಾನುವಾರ ನಾವಿಬ್ಬರೂ ಬಸ್ಸು ಹತ್ತಿ ಶಿರಸಿಗೆ ಹೋದೆವು.

ತಾಮ್ರದ ಅಂಗಡಿಯವನು ಹಾನಗಲ್ಲಿನ ಕಡೆಯವನು. ಬಾಯ್ಲರಿಗೆ ಬಂಬ ಎನ್ನುತ್ತಿದ್ದ. ಗಂಡ ಎಲ್ಲಕ್ಕಿಂತ ದೊಡ್ಡದರ ಮುಂದೆ ನಿಂತಿದ್ದರು, ನೆಂಟರು ನೋಡಿದರೆ ಚೆಂದ ಕಾಣುತ್ತದೆಂದು.

“ಮನ್ಯಾಗ ಎಷ್ಟ ಮಂದಿ ಅದೀರಿ?” ಎಂದು ಕೇಳಿದ.

“ಮೂರು.”

“ಹಂಗಾರ ಅದನ್ನ ಬಿಡ್ರಿ. ಮಿಂದು ಉಳಿದ ಬಿಸಿನೀರು ಅಂದ್ರ ಸುಮ್ನ ಸುಟ್ಟ ಕಟ್ಟಿಗಿ. ಸಣ್ಣದು ತಗೋರಿ, ಕೊಳವಿ ಅಗಲ ಇರೋದು ನೋಡ್ರಿ, ತಳದ ಜಾಲರಿ ಬಿಚ್ಚಿ ಬೂದಿ ತೆಗಿಯಾಕ ಬರಬೇಕು. ನೀರಿಲ್ದ ಮಾತ್ರ ಬೆಂಕಿ ಹಾಕಬ್ಯಾಡ್ರಿ. ಬೆಸುಗಿ ಕರಗಿ ನಳ ಕೈಗೆ ಬರ್ತದ.”

ಮೊನ್ನೆ ಹುಬ್ಬಳ್ಳಿಯಲ್ಲಿ ಮನೆ ಕಟ್ಟಿಸುತ್ತಿರುವ ಮೊಮ್ಮಗಳು ನೀರು ಕಾಯಿಸುವ ಹೀಟ್ ಪಂಪಿನ ಬ್ರೋಷರ್ ತೋರಿಸಿ, ಯಾವುದು ತಗೊಳ್ಳಲಿ ಅಜ್ಜಿ ಎಂದಳು. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದೆ. ನನಗೆ ಗೊತ್ತಿರುವುದು ಅಷ್ಟೇ.

ಸಣ್ಣದನ್ನೇ ಆರಿಸಿದೆ. ಕಟ್ಟಿಗೆ ಉಳಿಯುತ್ತದೆ ಎಂಬುದು ಬಾಯಲ್ಲಿ ಹೇಳಿದ ಕಾರಣ. ಅದಕ್ಕೆ ಒಲೆ ಕಾಯುವವರು ಬೇಕಾಗಿಲ್ಲ, ಯಾರಾದರೂ ಕರಟ ಹಾಕಿ ಬರಬಹುದು ಎಂಬುದು ಹೇಳದ ಕಾರಣ.

ಬಂಬ ಬಂದ ದಿನ ಅತ್ತಿಗೆ ಅದರ ಸುತ್ತ ಒಂದು ಸುತ್ತು ಬಂದಳು. ಗೆಣ್ಣಿನಿಂದ ತಟ್ಟಿದಳು. ನಡುವೆ ಪೊಳ್ಳು ಕೊಳವೆ ಇದ್ದದ್ದಕ್ಕೋ ಏನೋ, ನೀರಿದ್ದರೂ ಇಲ್ಲದಿದ್ದರೂ ಅದು ಒಂದೇ ಸದ್ದು ಮಾಡುತ್ತಿತ್ತು.

“ಇದಕ್ಕೆ ಮಾತೇ ಬತ್ತಿಲ್ಲೆ” ಎಂದಳು. ಆದರೂ ಬೆಂಕಿ ಹಾಕುವ ಕೆಲಸ ಬಿಡಲಿಲ್ಲ. ಮಣೆ ಹಾಕಿಕೊಂಡು ಅದರ ಮುಂದೆಯೂ ಕುಳಿತಳು. ನನ್ನ ಸರದಿಯೂ ಬದಲಾಗಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ನಳ ಬಿಟ್ಟು ಬಂಬದ ನೀರೆಲ್ಲ ಚೆಲ್ಲಿ, ಒಳಗಿನ ಕೆಸರು ತೊಳೆದೆ. ಬಾವಿಯ ಕಡೆ ಹೊರಟಾಗ ಅತ್ತಿಗೆ ಪಕ್ಕದ ಮನೆಯವಳಿಗೆ ಹೇಳುವುದು ಕೇಳಿಸಿತು: “ತಮ್ಮಂಗೆ ಮಾತಾಡೋ ಹೆಂಡ್ತಿ ಸಿಕ್ಕಿದ್ದು, ಕೆಲ್ಸ ಮಾಡೋದಕ್ಕೆ ಇನ್ನೊಂದು ಹುಡುಕಕಾಗ್ತು.” ಕೊಡ ಹಿಡಿದು ಅಲ್ಲೇ ನಿಂತೆ. ನಾನು ಮರೆತೆ ಎಂದು ಎಷ್ಟೋ ವರ್ಷ ನನಗೇ ಹೇಳಿಕೊಂಡಿದ್ದೇನೆ. ಮರೆಯಲಿಲ್ಲ. ಇವತ್ತು ಆಕೆಯೇ ತುಂಬಲಿ ಎಂದುಕೊಂಡು ಖಾಲಿ ಕೊಡವನ್ನು ಬಾವಿಕಟ್ಟೆಯ ಮೇಲೆ ಕವುಚಿ ಹಾಕಿದೆ. ಬರಿದಾದದ್ದು ಕಂಡಾಳು, ಕೂಗಾಡಿಯಾಳು, ನಾನೂ ನಾಲ್ಕು ಮಾತು ಆಡಿಯೇನು ಎಂದಷ್ಟೇ ಲೆಕ್ಕ ಹಾಕಿದ್ದೆ.

ಆಕೆ ನೋಡಲಿಲ್ಲ. ರೂಢಿಯನ್ನು ನಂಬಿದಳು. ಬೆಳಿಗ್ಗೆ ಸುಟ್ಟ ತಾಮ್ರದ ವಾಸನೆ ಒಳಮನೆಗೆ ಬಂತು. ಹೋಗಿ ನೋಡಿದರೆ ನಳ ಕಳಚಿ ಕಲ್ಲಿನ ಮೇಲೆ ಬಿದ್ದಿತ್ತು, ಬೆಸುಗೆ ಬೆಳ್ಳಗೆ ಕರಗಿ ಹನಿಯುತ್ತಿತ್ತು.

“ಅಕ್ಕಾ, ನೀರಿದ್ದಾ ಇಲ್ಯಾ ನೋಡದೇ ಬೆಂಕಿ ಹಾಕ್ದ್ಯಾ?” ಎಂದರು ಗಂಡ.

“ಕಡೆಗೆ ಮಿಂದವು ತುಂಬಿರ್ತ ಹೇಳಿ ಹಾಕ್ದೆ.” ಹಾಗೆಂದು ನನ್ನ ಕಡೆ ನೋಡಿದಳು.

ಅವರೂ ನೋಡಿದರು. “ನೀನು ತುಂಬಿದ್ಯನೆ?”

“ತುಂಬಿದ್ದೆ” ಎಂದೆ. “ನಳ ಸೋರಿರಬೇಕು.”

ಬಾವಿಕಟ್ಟೆಯ ಮೇಲೆ ಕವುಚಿದ ಕೊಡ ಒಣಗಿ ನಿಂತಿತ್ತು. ಆಕೆ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಮಣೆ ಎತ್ತಿ ಗೋಡೆಗೆ ಒರಗಿಸಿದಳು. ಬೈದಿದ್ದರೆ ಒಪ್ಪಿಕೊಳ್ಳುತ್ತಿದ್ದೆನೇನೋ. I am not sure.

“ಇನ್ನು ನೀನು ಒಲೆ ಹತ್ರ ಹೋಗದು ಬೇಡ ಅಕ್ಕಾ, ನಿಂಗೆ ಕಣ್ಣು ಮಂಜಾಯ್ದು” ಎಂದರು ಗಂಡ. ಮೆದುವಾಗಿಯೇ ಹೇಳಿದರು. ಬಂಬ ಶಿರಸಿಗೆ ಹೋಗಿ ಹೊಸ ಬೆಸುಗೆ ಹಾಕಿಸಿಕೊಂಡು ಬಂತು. ಅದು ಬರುವುದರೊಳಗೆ ಅತ್ತಿಗೆ ಟ್ರಂಕು ಹಿಡಿದು ಸಿದ್ದಾಪುರದಲ್ಲಿದ್ದ ಕಿರಿಯ ತಮ್ಮನ ಮನೆಗೆ ಹೊರಟುಹೋಗಿದ್ದಳು. ಆಮೇಲೆ ನಾನು ಮೊದಲು ಮೀಯತೊಡಗಿದೆ, ಕುದಿಯುವ ನೀರು. ಬೇಕೆಂದದ್ದು ಸಿಕ್ಕಿತ್ತು. ಬಚ್ಚಲಿನಲ್ಲಿ ಹೆಚ್ಚು ಹೊತ್ತು ನಿಲ್ಲಲು ಮಾತ್ರ ಆಗುತ್ತಿರಲಿಲ್ಲ.

ನಾಲ್ಕೈದು ವರ್ಷದ ಮೇಲೆ, ಆ ಕಿರಿಯ ತಮ್ಮನ ಮಗನ ಉಪನಯನಕ್ಕೆ ಸಿದ್ದಾಪುರಕ್ಕೆ ಹೋದೆ. ಅಲ್ಲಿ ಹಳೆಯ ಹಂಡೆಯೇ, ಅದರ ಮುಂದೆ ಆಕೆಯೇ. ಮನೆ ತುಂಬ ನೆಂಟರು. ನನ್ನ ಸ್ನಾನ ಕೊನೆಗಾಯಿತು, ಯಾರೂ ಹೇಳದೆಯೇ. ಸೀರೆ ಸುತ್ತಿಕೊಂಡು ಹೊರಗೆ ಬಂದವಳು ಸೀದಾ ಬಾವಿಗೆ ಹೋಗಿ ಒಂದು ಕೊಡ ಸೇದಿದೆ. ಹಂಡೆಗೆ ಸುರಿಯಬೇಕು ಎನ್ನುವಷ್ಟರಲ್ಲಿ ಆಕೆ ಎದ್ದು ನನ್ನ ಕೈಯಿಂದ ಕೊಡ ತೆಗೆದುಕೊಂಡಳು.

“ಅತ್ತಿಗೆ, ಆ ದಿನ…” ಎಂದೆ.

“ಬಿಡು. ನೀ ತುಂಬಿದ್ರೆ ಆನು ಮತ್ತೊಂದ್ಸಲ ನೋಡಕಾಗ್ತು. ಎರಡೆರಡು ಕೆಲ್ಸ ಎಂತಕ್ಕೆ?”

ಆ ಕೊಡವನ್ನು ಅಂಗಳಕ್ಕೆ ಚೆಲ್ಲಿ, ತಾನೇ ಬಾವಿಗೆ ಹೋಗಿ ಸೇದಿ ತಂದಳು. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಒಂದೊಂದು ಕೊಡ ಸುರಿದಾಗಲೂ ಗೆಣ್ಣಿನಿಂದ ತಟ್ಟಿ, ನನಗೆ ಬೆನ್ನು ಹಾಕಿ, ತಾಮ್ರಕ್ಕೆ ಕಿವಿಯಿಟ್ಟು ಕೇಳುತ್ತಿದ್ದಳು. ಬಸ್ಸಿಗೆ ಹೊತ್ತಾಯಿತೆಂದು ಯಾರೋ ಕರೆದರು. ಆಕೆ ತಿರುಗಲಿಲ್ಲ. ಆಮೇಲೆ ನಾನು ಆಕೆಯನ್ನು ನೋಡಲಿಲ್ಲ.