ಬಾಯಿಗೆ ಹೋದ ಎಳೆ

ಇಚಲಕರಂಜಿಯ ಆ ಶೆಡ್ಡಿನಲ್ಲಿದ್ದ ಮಗ್ಗಗಳೆಲ್ಲ ಗುಜರಿಗೆ ಹೋಗಿದ್ದವು. ನೆಲದಲ್ಲಿ ಅವುಗಳ ಬೋಲ್ಟುಗಳು, ಎಣ್ಣೆಯ ಕಲೆಗಳು ಹಾಗೇ ಉಳಿದಿದ್ದವು. ಅಲ್ಲೇ ನಾನು ಇಂಟರ್ನೆಟ್ ಕೇಬಲ್ಲಿನ ಗಾಜಿನ ಎಳೆಗಳನ್ನು ಜೋಡಿಸುವ ಕೆಲಸ ಕಲಿಸುತ್ತಿದ್ದೆ. ಗಡಹಿಂಗ್ಲಜದ ಕಡೆಯ ಹಳ್ಳಿಗಳಿಗೆ ಲೈನು ಎಳೆಯಲು ಜನ ಬೇಕಾಗಿತ್ತು. ಮಗ್ಗ ನಿಂತ ಊರಿನಲ್ಲಿ ಖಾಲಿ ಕೈಗಳಿಗೇನು ಬರ? ಕೊಲ್ಲಾಪುರದಲ್ಲಿ ತರಬೇತಿ ಪಡೆದು ಬಂದವನೆಂಬ ಜಂಬ ನನಗೆ. ಯಾರಾದರೂ ಒಂದು ಹೆಜ್ಜೆ ತಪ್ಪಿದರೂ ರೇಗುತ್ತಿದ್ದೆ.

ಕಲಿಯಲು ಬಂದವರಲ್ಲಿ ಗಡಹಿಂಗ್ಲಜದ ಕಡೆಯ ನೇಸರಿಯ ಹೆಂಗಸೊಬ್ಬಳಿದ್ದಳು. ಮದುವೆಯಾಗಿ ಇಚಲಕರಂಜಿಗೆ ಬಂದಾಗಿನಿಂದ ಮಗ್ಗ ನಡೆಸಿದವಳು. ಕೂದಲೆಳೆಯಂಥ ಆ ಗಾಜು ಆಕೆಯ ಬೆರಳಿನ ಮಾತು ಕೇಳುತ್ತಿತ್ತು.

“ನೋಡ್ರಿ, ಕೈ ಅಂದ್ರ ಇವು! ಅಕ್ಕಾರ, ಮಗ್ಗದಾಗ ಹೆಂಗ ಮಾಡ್ತಿದ್ರಿ, ಇಲ್ಲೂ ಹಂಗ ಮಾಡ್ರಿ” ಎಂದು ಎಲ್ಲರೆದುರು ಹೊಗಳಿದೆ. ಆ ಮಾತು ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ.

ಆಕೆ ಹಾಗೇ ಮಾಡಿದಳು. ನೂಲು ಸುತ್ತಿದ ಹೊಸ ಕಂಡಿಕೆಯನ್ನು ಲಾಳಿಯೊಳಗೆ ಹಾಕಿದಾಗ ಮಗ್ಗದವರು ಲಾಳಿಯ ತೂತಿಗೆ ಬಾಯಿ ಹಚ್ಚಿ, ನೂಲಿನ ತುದಿಯನ್ನು ಹೀರಿ ಹೊರಗೆಳೆಯುತ್ತಾರೆ. ನನ್ನವ್ವ ದಿನವಿಡೀ ಹಾಗೆ ಹೀರುವುದನ್ನು ನೋಡಿಯೇ ನಾನು ಬೆಳೆದದ್ದು. ಗಾಜಿನ ಎಳೆಗಾದರೆ ಮೊದಲು ಒಂದು ಸಣ್ಣ ಕೊಳವೆ ಪೋಣಿಸಿ, ಆಮೇಲೆ ಅದರ ಸಿಪ್ಪೆ ಸುಲಿಯಬೇಕು; ಸುಲಿದ ಗಾಜು ಬೇಗ ಮುರಿಯುತ್ತದೆ. ಒಂದು ದಿನ ಆಕೆ ಕೊಳವೆ ಮರೆತು ಸಿಪ್ಪೆ ಸುಲಿದುಬಿಟ್ಟಿದ್ದಳು. ನಾನು ಅತ್ತಲಿಂದ ಬರುವುದನ್ನು ಕಂಡು, ಬೈಗುಳಕ್ಕೆ ಅಂಜಿ, ಗಡಿಬಿಡಿಯಲ್ಲಿ ಕೊಳವೆಯೊಳಗೆ ಎಳೆ ತೂರಿಸಿ ಇನ್ನೊಂದು ತುದಿಗೆ ಬಾಯಿ ಹಚ್ಚಿದಳು.

“ಏನಾತ್ರಿ?”

“ಮುರೀತ್ರಿ ಸರ. ಬಾಯಾಗ ಹೋತೋ ಏನೋ.”

ಬಾಯಿ ಮುಕ್ಕಳಿಸಿದಳು, ಉಗುಳಿದಳು. ನಾವೆಲ್ಲ ಟಾರ್ಚ್ ಹಿಡಿದು ನೆಲದ ಮೇಲೆ ಬಿದ್ದ ಸೂಜಿ ಹುಡುಕುವವರಂತೆ ತಡಕಾಡಿದೆವು. ತುಂಡು ಸಿಗಲಿಲ್ಲ. ಎಡಗೆನ್ನೆಯೊಳಗೆ ಏನೋ ಚುಚ್ಚುತ್ತಿದೆ ಎಂದಳು. ದವಾಖಾನೆಯಲ್ಲಿ ಡಾಕ್ಟರು ನಾಲಿಗೆ ಒತ್ತಿ ಹಿಡಿದು ನೋಡಿ, ತಮಗೇನೂ ಕಾಣುತ್ತಿಲ್ಲ ಎಂದರು. ಗಾಜು ಒದ್ದೆ ಬಾಯಲ್ಲಿ ಹೇಗೆ ಕಂಡೀತು?

ಶೆಡ್ಡಿನ ಗೋಡೆಯ ಮೇಲೆ ಮರಾಠಿಯಲ್ಲಿ ನಿಯಮದ ಹಾಳೆ ಅಂಟಿಸಿದ್ದೆ. ಇಲ್ಲಿ ತಿನ್ನಬೇಡಿ, ಕುಡಿಯಬೇಡಿ ಎಂದಿತ್ತು. ಆಕೆ ತಿಂದಿರಲಿಲ್ಲ, ಕುಡಿದಿರಲಿಲ್ಲ. ಬಾಯಿ ಹಚ್ಚಬೇಡಿ ಎಂದು ಅದರಲ್ಲಿ ಇರಲಿಲ್ಲ. ಮಗ್ಗದ ಮನೆಯಲ್ಲಿ ಹುಟ್ಟಿದ ನಾನು ಅದನ್ನು ಹೇಳಬೇಕಿತ್ತು. ನನಗೆ ಹೊಳೆಯಲೇ ಇಲ್ಲ.

ಆಕೆ ತರಬೇತಿ ಮುಗಿಸಿದಳು. ಈಗ ತವರಿನ ಸುತ್ತಮುತ್ತ ಲೈನು ಜೋಡಿಸುತ್ತಾಳೆ. ನೇಸರಿಗೆ ಲೈನು ಮುಟ್ಟಿದ ದಿನ ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿದಳು.

“ಸರ, ಕಾಣಾಕತ್ತೇನೇನ್ರಿ?”

“ಭಾಳ ಚಲೋ ಕಾಣಾಕತ್ತೀರಿ, ಅಕ್ಕಾರ.”

ನಿಜಕ್ಕೂ ಅಷ್ಟು ಸ್ಪಷ್ಟವಾಗಿ ಆಕೆಯ ಮುಖವನ್ನು ಫೋನಿನಲ್ಲಿ ನಾನು ನೋಡಿರಲಿಲ್ಲ. ಮಾತಿನ ನಡುವೆ ಆಕೆಯ ಎಡಗೆನ್ನೆಯೊಳಗೆ ನಾಲಿಗೆ ಮೆಲ್ಲಗೆ ಓಡಾಡಿತು.

“ಇನ್ನೂ ಚುಚ್ಚತೈತೇನ್ರಿ?”

“ಇಲ್ರಿ ಸರ, ಅದು ಆಗಳೇ ಹೋಗೈತಿ” ಎಂದು ನಕ್ಕಳು. ನಗು ಮುಗಿದ ಮೇಲೆ ನಾಲಿಗೆ ಮತ್ತೆ ಅದೇ ಜಾಗಕ್ಕೆ ಹೋಯಿತು.