ಎಲ್ಲದಕ್ಕೂ ಬೇಡ ಎಂದ ಎರಡು ದಿರ್ಹಂ

ಸತ್ತವರು ಮಾತಾಡುತ್ತಾರೆ ಎಂದು ಯಾರಾದರೂ ಹೇಳಿದರೆ, ಹಾಗಾದರೆ ಅವರ ಮೊಬೈಲ್ ನಂಬರ್ ಕೊಡಿ ಎಂದು ಕೇಳುವವನು ನಾನು. ಕುಂದಾಪುರದ ಕಡೆಯವನು. ದೈವ, ದರ್ಶನ, ಹೂವಿನ ಪ್ರಸಾದ ಎಲ್ಲ ನೋಡಿಯೇ ಬೆಳೆದದ್ದು. ಆದರೆ ದುಬೈಯ ದೇರಾ ಪೇಟೆಯ ಬಟ್ಟೆ ಅಂಗಡಿಯಲ್ಲಿ ವರ್ಷಗಟ್ಟಲೆ ಗಿರಾಕಿಗಳ ಜೊತೆ ಚೌಕಾಸಿ ಮಾಡಿದ ಮೇಲೆ ಕಣ್ಣಿಗೆ ಕಾಣದ್ದನ್ನು ನಂಬುವ ಅಭ್ಯಾಸ ತಪ್ಪಿಹೋಯಿತು. ಈಗ ಹೇಳಹೊರಟಿರುವುದನ್ನು ನೀವು ನಂಬಲೇಬೇಕೆಂದಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಅಂಗಡಿ ಬಿಟ್ಟು ನಾನು ವಿದ್ಯಾರ್ಥಿಗಳನ್ನು ಕಾಲೇಜಿಗೆ ಸೇರಿಸುವ ಏಜೆನ್ಸಿ ಶುರುಮಾಡಿದ್ದೆ. ಆಗಿನ್ನೂ ದುಬೈಗೆ ಮೆಟ್ರೋ ಬಂದಿರಲಿಲ್ಲ. ಹೊರದೇಶದ ಕಾಲೇಜುಗಳು ಮಾತ್ರ ಒಂದೊಂದಾಗಿ ಬಂದು ಬೋರ್ಡು ಹಾಕುತ್ತಿದ್ದವು. ಉಳಿದ ಏಜೆಂಟರೆಲ್ಲ ಕೇರಳ, ಕರಾಚಿ ಎಂದು ಓಡುತ್ತಿದ್ದಾಗ ನಾನು ವಿಯೆಟ್ನಾಮಿಗೆ ಹೋದೆ. ವ್ಯಾಪಾರಕ್ಕಿಳಿಯುವ ಹುಡುಗರಿಗೆ ಇವತ್ತಿಗೂ ಹೇಳುತ್ತೇನೆ: ನಾಲ್ಕು ಜನ ಬಲೆ ಬೀಸಿದಲ್ಲಿ ಐದನೆಯವರಾಗಿ ಬೀಸಬೇಡಿ. ಹೋ ಚಿ ಮಿನ್ ನಗರದಲ್ಲಿ ಹಾ ಎಂಬ ಹೆಂಗಸು ನನಗೆ ಪಾಲುದಾರರಾದರು. ಅಲ್ಲಿಯ ತಂದೆತಾಯಿಗಳಿಗೆ ನನ್ನ ಮಾತನ್ನು ದಾಟಿಸುವುದು, ಅವರ ಮಾತನ್ನು ನನಗೆ ತಲುಪಿಸುವುದು, ಎರಡೂ ಅವರದೇ ಕೆಲಸ.

ಹಾಗೆ ಬಂದವರಲ್ಲಿ ಲಾನ್ ಒಬ್ಬಳು. ಅಪ್ಪ ಇಲ್ಲದ ಹುಡುಗಿ, ಒಬ್ಬಳೇ ಮಗಳು. ದುಬೈಯ ಇಂಟರ್‌ನ್ಯಾಷನಲ್ ಸಿಟಿ ಎಂಬ ಬಡಾವಣೆಯ ಫ್ಲಾಟೊಂದರಲ್ಲಿ ತನ್ನ ದೇಶದ ಹುಡುಗಿಯರ ಜೊತೆ ಇದ್ದಳು. ನನ್ನನ್ನು ‘ಚೂ’ ಎಂದು ಕರೆಯುತ್ತಿದ್ದಳು. ಅವರಲ್ಲಿ ಚಿಕ್ಕಪ್ಪನಿಗೆ ಹಾಗನ್ನುತ್ತಾರಂತೆ. “ನಮ್ಮೂರಲ್ಲಿ ನಾಯಿ ಬಿಡೂಕೆ ಹೇಳುದ್ ಅದು,” ಎಂದು ನನ್ನ ಹೆಂಡತಿ ಶೈಲಾ ನಗುತ್ತಿದ್ದಳು. ಆದರೂ ಲಾನಳಿಗೆಂದು ಮೀನುಸಾರು ಕಟ್ಟಿಕೊಡುವುದನ್ನು ಮರೆಯುತ್ತಿರಲಿಲ್ಲ.

ದುಬೈಯಲ್ಲಿ ಎರಡು ವರ್ಷ ಓದಿದವರಿಗೆ ಕೊನೆಯ ವರ್ಷವನ್ನು ಇಂಗ್ಲೆಂಡಿನಲ್ಲಿ ಮುಗಿಸುವ ಅವಕಾಶವಿತ್ತು. ಲಾನಳಿಗೆ ಸೀಟು ಸಿಕ್ಕಿತು. ಹೋಗುತ್ತಾಳೋ ಇಲ್ಲವೋ ಎಂದು ಒಂದು ಶುಕ್ರವಾರ ಸಂಜೆಯೊಳಗೆ ತಿಳಿಸಬೇಕಿತ್ತು. ಅವಳ ಅಮ್ಮ ಫೋನಿನಲ್ಲಿ ಅತ್ತು ಕರೆದು ಕೊನೆಗೆ, ನನಗೆ ತಿಳಿಯುವುದಿಲ್ಲ, ನಿನ್ನ ಅಪ್ಪನನ್ನೇ ಕೇಳು ಎಂದರಂತೆ. ಮಧ್ಯಾಹ್ನದ ನಮಾಜು ಮುಗಿದು ರಸ್ತೆ ಖಾಲಿಯಾದ ಮೇಲೆ ನಾನೂ ಶೈಲಾಳೂ ಲಾನಳ ಫ್ಲಾಟಿಗೆ ಹೋದೆವು.

ಗೋಡೆಯ ಕಪಾಟಿನ ಮೇಲೆ ಅಪ್ಪನ ಫೋಟೋ ಇತ್ತು. ಮುಂದೆ ಎರಡು ಕಿತ್ತಳೆ, ಊದುಬತ್ತಿ. ಹೊಗೆ ಎದ್ದರೆ ಸೈರನ್ ಕೂಗುತ್ತದೆಂದು ಊದುಬತ್ತಿಯನ್ನು ಹಚ್ಚದೆ ಬರೇ ಸಿಕ್ಕಿಸಿಟ್ಟಿದ್ದಳು. ಸತ್ತ ಹಿರಿಯರನ್ನು ಕೇಳುವ ಅವರ ಕ್ರಮ ಸುಲಭ. ಎರಡು ನಾಣ್ಯಗಳನ್ನು ತಟ್ಟೆಗೆ ಹಾಕುವುದು. ಒಂದು ಮುಖ ಮೇಲಾಗಿ, ಇನ್ನೊಂದು ಬೆನ್ನು ಮೇಲಾಗಿ ಬಿದ್ದರೆ ಹಿರಿಯರು ಹೂಂ ಅಂದಂತೆ. ಎರಡೂ ಒಂದೇ ಥರ ಬಿದ್ದರೆ ಒಪ್ಪಿಗೆಯಿಲ್ಲ. ಊರಿನ ನಾಣ್ಯ ಇಲ್ಲದ್ದರಿಂದ ಲಾನ್ ಎರಡು ದಿರ್ಹಂ ತೆಗೆದುಕೊಂಡಳು. ಕಾಫಿ ಹೂಜಿಯ ಚಿತ್ರ ಇರುವ ಬದಿ ಮುಖ.

ಇಂಗ್ಲೆಂಡಿಗೆ ಹೋಗಲೇ ಎಂದು ಕೇಳಿ ಹಾಕಿದಳು. ಎರಡೂ ಹೂಜಿ ಕೆಳಗಾಗಿ ಬಿದ್ದವು. ಮತ್ತೆ ಕೇಳಿದಳು. ಮತ್ತೂ ಹಾಗೇ. ಹುಡುಗಿಯ ಮುಖ ಬಾಡಿತು.

ಒಂದು ಬೇಡಕ್ಕೆ ಎದ್ದುಹೋಗುವ ಜನ ಅಲ್ಲ ನಾನು. ಕೊಡು ಇಲ್ಲಿ ಎಂದು ನಾಣ್ಯ ಇಸಕೊಂಡು ಫೋಟೋದ ಎದುರು ಕೂತೆ. ಚೌಕಾಸಿ ಮಾಡುವಾಗ ನನಗೆ ಊರಿನ ಮಾತು ಬಿಟ್ಟು ಬೇರೆ ಭಾಷೆ ಬಾಯಿಗೆ ಬರುವುದಿಲ್ಲ. “ಸ್ವಾಮೀ, ಒಂದೇ ವರ್ಷದ ಮಾತ್. ಓದ್ ಮುಗ್ದದ್ದೇ ನಾನೇ ಊರಿಗ್ ಕಳ್ಸ್ತೆ,” ಎಂದೆ.

“ಹೋಯ್, ಸತ್ತವ್ರ ಹತ್ರವೂ ಚೌಕಾಸಿಯಾ? ಎಂತ ಮನ್ಸ್ರ್ ಮಾರ್ರೆ ನೀವ್!” ಎಂದಳು ಶೈಲಾ. ಲಾನಳಿಗೆ ಮಾತು ಅರ್ಥವಾಗದಿದ್ದರೂ ನಕ್ಕಳು.

ನಾಣ್ಯ ಹಾಕಿದೆ. ಬೇಡ.

ತಟ್ಟೆಯಲ್ಲೇ ಏನೋ ದೋಷವಿರಬೇಕೆಂದು ಬದಲಿಸಿದೆ. ನಾಣ್ಯಗಳನ್ನು ಒರೆಸಿದೆ. ಆಮೇಲೆ, ಮಾಲು ಪರೀಕ್ಷೆ ಮಾಡುವವನ ಹಾಗೆ, ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಕೇಳಿದೆ: ಇವಳು ನಿಮ್ಮ ಮಗಳು ಹೌದಾ? ಒಂದು ಮೇಲೆ, ಒಂದು ಕೆಳಗೆ. ಹೂಂ. ಲಾನಳ ಕೈಯಲ್ಲೂ ಹಾಕಿಸಿದೆ, ಹೂಂ. ಶೈಲಾ ಹಾಕಿದಳು, ಹೂಂ.

ಹಾಗಾದರೆ ಇಂಗ್ಲೆಂಡ್ ಬೇಡ, ಅಷ್ಟೇ ತಾನೆ? ದುಬೈಯಲ್ಲೇ ಇರಲಿ ಎಂದು ನಾನು ಇಳಿದು ಬಂದೆ. ಬೇಡ. ಸರಿ, ನಿಮ್ಮ ಮಾತೇ ಆಗಲಿ, ಅಮ್ಮನ ಹತ್ತಿರ ಊರಿಗೆ ಕಳಿಸುತ್ತೇನೆ, ಮುಗಿಯಿತಲ್ಲ? ನಾಣ್ಯ ಬೀಳುವ ಮೊದಲೇ ನನಗೆ ಯಾಕೋ ಗೊತ್ತಾಗಿತ್ತು. ಬೇಡ. ಶೈಲಾ ಹಾಕಿದರೂ ಬೇಡ, ಮಗಳೇ ಕಣ್ಣು ಮುಚ್ಚಿ ಹಾಕಿದರೂ ಬೇಡ. ಹೋಗುವುದು ಬೇಡ, ಇರುವುದು ಬೇಡ, ಮರಳುವುದೂ ಬೇಡ.

ಎದುರಿನವನು ಎಲ್ಲ ಮಾತಿಗೂ ಬೇಡ ಅನ್ನುತ್ತಿದ್ದರೆ ಅವನಿಗೆ ಬೇಕಾದ್ದು ನಮ್ಮ ಅಂಗಡಿಯಲ್ಲಿಲ್ಲ ಎಂದೇ ಅರ್ಥ. ಇದು ನನ್ನ ಅನುಭವ. ಆ ಮನುಷ್ಯನಿಗೆ ಏನು ಬೇಕಿತ್ತು? ಹಾಗೆಲ್ಲ ಕೇಳಿದರೆ ನಾಣ್ಯ ಹೇಗೆ ಉತ್ತರ ಕೊಟ್ಟೀತು? ಅದಕ್ಕೆ ಹೂಂ, ಉಹುಂ ಬಿಟ್ಟು ಬೇರೆ ಮಾತು ಬರುವುದಿಲ್ಲವಲ್ಲ. ಎಸಿ ಹಾಕಿದ ಕೋಣೆಯಲ್ಲಿ ನನ್ನ ಅಂಗಿ ಬೆನ್ನಿಗೆ ಅಂಟಿತ್ತು.

“ಸಾಕ್, ಎತ್ತಿಡಿ ಅದನ್ನ,” ಎಂದಳು ಶೈಲಾ. ಅವಳು ಆಗಲೇ ನಗುವುದನ್ನು ನಿಲ್ಲಿಸಿದ್ದಳು.

ಮೊದಲು ಚೇತರಿಸಿಕೊಂಡವಳು ಲಾನ್. ನಾಣ್ಯಗಳನ್ನು ಜೇಬಿಗೆ ಹಾಕಿಕೊಂಡು ಇಂಗ್ಲಿಷಿನಲ್ಲಿ, “ಎಲ್ಲಿಗೂ ಬೇಡ ಅಂದ್ರೆ ಎಲ್ಲಿಗಾದ್ರೂ ಹೋಗ್ಬಹುದು ಅಂತಲ್ವಾ, ಚೂ?” ಎಂದಳು. ಸಂಜೆಯೊಳಗೆ ಅವಳೇ ಹೋಗುತ್ತೇನೆಂದು ತಿಳಿಸಿದಳು. ಏರ್‌ಪೋರ್ಟಿನಲ್ಲಿ ಶೈಲಾಳನ್ನು ತಬ್ಬಿಕೊಂಡು, ಗಾಜಿನ ಆಚೆ ಹೋದ ಮೇಲೂ ಕೈ ಬೀಸಿದಳು.

ವಿಮಾನ ಲಂಡನ್ನಿನಲ್ಲಿ ಇಳಿದಿದೆ. ಅವಳೂ ಇಳಿದಿದ್ದಾಳೆ, ಪಾಸ್‌ಪೋರ್ಟಿಗೆ ಮುದ್ರೆ ಬಿದ್ದಿದೆ. ಕಾಲೇಜಿಗೆ ಮಾತ್ರ ತಲುಪಲಿಲ್ಲ. ಓದಲು ಹೋದವರು ಎಲ್ಲೋ ಕೆಲಸಕ್ಕೆ ನುಸುಳಿ ಹೆಸರು ಮರೆಸಿಕೊಳ್ಳುವುದು ನಮ್ಮ ದಂಧೆಯಲ್ಲಿ ಹೊಸದಲ್ಲ. ಅಲ್ಲಿಯ ಪೊಲೀಸರೂ ಅದನ್ನೇ ಅಂದರು. ಆದರೆ ಹಾಗೆ ಹೋದವರೂ ಅಮ್ಮನಿಗೊಂದು ಫೋನ್ ಮಾಡುತ್ತಾರೆ. ಅವಳನ್ನು ಹುಡುಕಲು ನಾನೇ ಲಂಡನ್ನಿಗೆ ಹೋದೆ. ಸಿಕ್ಕವರಿಗೆಲ್ಲ ಫೋಟೋ ತೋರಿಸುತ್ತ ಚಳಿಯಲ್ಲಿ ಅಲೆದು, ಬರಿಗೈಯಲ್ಲಿ ಬಂದೆ. ಇವತ್ತಿನವರೆಗೂ ಅವಳ ಸುದ್ದಿಯಿಲ್ಲ.

ಅವಳ ಅಮ್ಮ ನನ್ನನ್ನು ಒಮ್ಮೆಯೂ ಬೈದಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಒಂದು ದಿನ ಹಾ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋನ್ ಮಾಡಿದರು. ಪ್ರತಿ ಅಮಾವಾಸ್ಯೆಗೂ ನಾಣ್ಯ ಹಾಕಿ ಗಂಡನನ್ನು ಕೇಳುತ್ತಾರಂತೆ. ಮಗಳು ಬದುಕಿದ್ದಾಳಾ? ಇಲ್ಲ. ಹಾಗಾದರೆ ನಿಮ್ಮ ಹತ್ತಿರ ಬಂದಳಾ? ಇಲ್ಲ. ಎಷ್ಟು ಅಮಾವಾಸ್ಯೆ ಕಳೆದರೂ ಎರಡಕ್ಕೂ ಇಲ್ಲ.

ಆಮೇಲೆ ಆಕೆ ಮೆಲ್ಲಗೆ ಏನೋ ಹೇಳಿದರು. ಹಾ ಅದನ್ನು ನನಗೆ ದಾಟಿಸಿದರು: “ನೀವು ಮಾತು ಬಲ್ಲವರು ಅಂತೆ. ಏನಂತ ಕೇಳಿದರೆ ಅವರು ಹೂಂ ಅಂದಾರು, ಹೇಳಿಕೊಡಿ ಅನ್ನುತ್ತಿದ್ದಾರೆ.”

ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳಿದವನು ನಾನು. ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ. ಆ ಕಡೆ ಆಕೆ ಕಾಯುತ್ತಿದ್ದರು.